ಮೂವತ್ತೊಂದನೆಯ ಸೀಟು

ಬೇಗಂಪೇಟೆಯ ನಮ್ಮ ಟ್ರಾವೆಲ್ ಆಫೀಸಿನಲ್ಲಿ ಬಹಳ ವರ್ಷ ಗುಂಪು ಟಿಕೆಟ್ಟುಗಳ ಕೆಲಸ ನೋಡಿಕೊಂಡಿದ್ದ ಹೆಂಗಸೊಬ್ಬರು ಕಳೆದ ತಿಂಗಳು ಮಲ್ಕಾಜ್‌ಗಿರಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ನಾವೆಲ್ಲ ಅವರನ್ನು ವೈನಿ ಎನ್ನುತ್ತಿದ್ದೆವು. ನಮ್ಮ ಕಡೆ ವೈನಿ ಎಂದರೆ ಅಣ್ಣನ ಹೆಂಡತಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಅಭ್ಯಾಸಬಲದಿಂದ ಹಾಗೆ ಕರೆದುಬಿಟ್ಟಿದ್ದೆ. ತಿಂಗಳು ಕಳೆಯುವುದರೊಳಗೆ ತೆಲುಗಿನ ಟೈಪಿಸ್ಟು, ಹಳೇ ಶಹರದ ಡ್ರೈವರು, ಕೊನೆಗೆ ಮಾಲೀಕರು ಕೂಡ 'ವೈನಿಗಾರು' ಎನ್ನತೊಡಗಿದರು. ಅಷ್ಟೊಂದು ಮೈದುನರು ಬೇರೆ ಯಾವ ಹೆಣ್ಣಿಗೂ ಇದ್ದಿರಲಾರರು.

ಆಂಧ್ರಪ್ರದೇಶ ಇನ್ನೂ ಒಂದೇ ಆಗಿದ್ದ ಕಾಲ ಅದು. ವಿಮಾನ ನಿಲ್ದಾಣ ಆಗ ಬೇಗಂಪೇಟೆಯಲ್ಲೇ ಇತ್ತು, ವಿಮಾನಗಳು ನಮ್ಮ ತಲೆಯ ಮೇಲೆಯೇ ಏಳುತ್ತಿದ್ದವು. ಒಂದು ಎದ್ದಿತೆಂದರೆ ಫೋನಿನಲ್ಲಿದ್ದವರೆಲ್ಲ ಅರ್ಧ ನಿಮಿಷ ಸುಮ್ಮನಾಗಬೇಕು. ವೈನಿ ಸುಮ್ಮನಾಗುತ್ತಿರಲಿಲ್ಲ, ದನಿ ಏರಿಸುತ್ತಿದ್ದರು. ದನಿ ಇಳಿಸುವುದನ್ನು ಆಮೇಲೆ ಮರೆಯುತ್ತಿದ್ದರು. ಅವರು ಏರ್‌ಲೈನ್ಸ್‌ನವರ ಜೊತೆ ಜಗಳವಾಡುತ್ತಿದ್ದರೆ ಕೆಳಗಿನ ಅಂಗಡಿಯವನು ಎಷ್ಟು ಸೀಟು ಸಿಕ್ಕವು ಎಂದು ಲೆಕ್ಕ ಹಾಕಿಕೊಳ್ಳಬಹುದಿತ್ತು.

ಗುಂಪಿನ ಟಿಕೆಟ್ಟು ಹೊರಗಿನವರಿಗೆ ಸುಲಭದ ಕೆಲಸವಾಗಿ ಕಾಣುತ್ತದೆ. ಮೂವತ್ತೋ ಎಂಬತ್ತೋ ಸೀಟು ಒಟ್ಟಿಗೆ ಹಿಡಿದಿಡುವುದು, ಅಷ್ಟೇ ಅಲ್ಲವೇ? ಅಷ್ಟೇ ಅಲ್ಲ. ಏರ್‌ಲೈನ್ಸ್‌ನವರು ಸೀಟುಗಳನ್ನು ಹೆಸರಿಲ್ಲದೆ ಹಿಡಿದಿಟ್ಟು ಒಂದು ಗಡುವು ಕೊಡುತ್ತಾರೆ. ಅಷ್ಟರೊಳಗೆ ಪ್ರತಿ ಸೀಟಿಗೂ ಒಂದು ಹೆಸರು ಕೊಡಬೇಕು. ಹೆಸರು ಬರದ ಸೀಟನ್ನು ಅವರು ವಾಪಸು ತೆಗೆದುಕೊಳ್ಳುತ್ತಾರೆ. ಹೆಸರು ಕೊಟ್ಟು ಟಿಕೆಟ್ಟು ಬರೆದ ಮೇಲೆ ಬ್ರಹ್ಮ ಬಂದರೂ ಬದಲಿಸುವಂತಿಲ್ಲ. ಇತ್ತ ಗುಂಪಿನವರಿಗೋ ಗಡುವೆಂದರೆ ಪಂಚಾಂಗದ ರಾಹುಕಾಲದ ಹಾಗೆ, ಇದೆಯೆಂದು ಗೊತ್ತು, ಆದರೆ ತಮಗಲ್ಲ. ಈ ಎರಡರ ನಡುವೆ ವೈನಿ ಮುಡಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು, ಉದ್ದನೆಯ ರಿಜಿಸ್ಟರು ತೆರೆದುಕೊಂಡು ಕೂತಿರುತ್ತಿದ್ದರು. ಕಂಪ್ಯೂಟರ್ ಬಂದ ಮೇಲೂ ರಿಜಿಸ್ಟರು ಹೋಗಲಿಲ್ಲ. "ಅದು ಕರೆಂಟ್ ಇದ್ರ ಮಾತಾಡತೈತಿ, ಇದು ಯಾವಾಗಲೂ ಮಾತಾಡತೈತಿ," ಎನ್ನುತ್ತಿದ್ದರು.

ಅವರ ಕೆಲಸದ ರೀತಿಯಲ್ಲಿ ಒಂದು ಹಟವಿತ್ತು. ಗುಂಪಿನ ಮುಖ್ಯಸ್ಥರು ಕೊಟ್ಟ ಪಟ್ಟಿಯನ್ನು ಅವರು ನಂಬುತ್ತಿರಲಿಲ್ಲ. ಪಟ್ಟಿಯಲ್ಲಿದ್ದ ಒಬ್ಬೊಬ್ಬರಿಗೂ ಫೋನ್ ಮಾಡಿ, ಅವರವರ ಬಾಯಿಂದಲೇ ಅವರವರ ಹೆಸರು ಕೇಳಿ, ಆಮೇಲೆ ಪೆನ್ಸಿಲಿನಿಂದ ಒಂದು ಗುರುತು ಹಾಕುತ್ತಿದ್ದರು. ಮುಖ್ಯಸ್ಥರನ್ನೇ ಕೇಳಿದರಾಗದೇ ಎಂದು ನಾನು ಒಮ್ಮೆ ಕೇಳಿದೆ.

"ಮುಖ್ಯಸ್ಥ ಅಂದ್ರ ಯಾರು ಗೊತ್ತೇನು? ಗುಂಪಿನ್ಯಾಗ ಎಲ್ಲಾರಕಿಂತ ಕಡಿಮಿ ಗೊತ್ತಿದ್ದು, ಎಲ್ಲಾರಕಿಂತ ಜೋರು ಮಾತಾಡಾಂವ," ಎಂದರು. ಇಷ್ಟು ವರ್ಷಗಳಲ್ಲಿ ನಾನು ಕಂಡ ಮಟ್ಟಿಗೆ ಈ ಮಾತು ಸುಳ್ಳಾಗಿಲ್ಲ.

ಒಮ್ಮೆ ಹಳೇ ಶಹರದ ಕುಸ್ತಿ ಪೈಲ್ವಾನರ ಗುಂಪೊಂದು ಸಣ್ಣ ವಿಮಾನದಲ್ಲಿ ಹೋಗುವುದಿತ್ತು. ವೈನಿ ಒಬ್ಬೊಬ್ಬ ಪೈಲ್ವಾನನಿಗೂ ಫೋನ್ ಹಚ್ಚಿ, "ಪೈಲ್ವಾನ್ ಸಾಬ್, ಶರಮ್ ನಕ್ಕೋ ಕರೋ, ವಜನ್ ಬೋಲೋ," ಎಂದು ತೂಕ ಕೇಳಿ ಬರೆದುಕೊಂಡರು. ಅಖಾಡದಲ್ಲಿ ಯಾರಿಗೂ ಮಣಿಯದವರು ಮದುಮಕ್ಕಳ ಹಾಗೆ ನಾಚಿಕೊಂಡು ತೂಕ ಹೇಳಿದರಂತೆ. ಇನ್ನೊಮ್ಮೆ ಮುಂಬಯಿಗೆ ಹೊರಟ ಮದುವೆಯ ದಿಬ್ಬಣದಲ್ಲಿ ಆಸ್ತಿ ಹಿಸೆಯಾದಾಗಿನಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿದ್ದರು. ವೈನಿ ಒಬ್ಬರನ್ನು ಮುಂದಿನ ಸಾಲಿಗೆ, ಇನ್ನೊಬ್ಬರನ್ನು ಹಿಂದಿನ ಸಾಲಿಗೆ ಹಾಕಿಸಿ ನಡುವೆ ಬೀಗರನ್ನು ತುಂಬಿಸಿದರು. ಅವರ ಮನೆಯ ವಿಷಯ ನಿಮಗೆ ಹೇಗೆ ಗೊತ್ತಾಯಿತು ಎಂದರೆ, "ಹೆಸರು ಕೇಳಾಕ ಫೋನ್ ಮಾಡಿದ್ನೆಲ್ಲ," ಎಂದರು. ಅವರಿಗೆ ಸುದ್ದಿಯ ಚಪಲವೂ ಸ್ವಲ್ಪ ಇತ್ತು. ಅದನ್ನು ನಾನು ಮುಚ್ಚಿಡುವುದಿಲ್ಲ.

ಹೆಂಗಸರಿಗೆ ಫೋನ್ ಮಾಡಿದಾಗ ಅವರು ಕೇಳುತ್ತಿದ್ದ ಪ್ರಶ್ನೆಯೇ ಬೇರೆ. "ನಿಮ್ಮ ತವರಮನಿ ಹೆಸರೇನ್ರಿ?" ಎನ್ನುತ್ತಿದ್ದರು. ಕೆಲವರು ಈಕೆಗೇಕೆ ಬೇಕು ಇಲ್ಲದ ಉಸಾಬರಿ ಎಂದು ಫೋನ್ ಇಡುತ್ತಿದ್ದರು. ವೈನಿ ಮತ್ತೆ ಹಚ್ಚುತ್ತಿದ್ದರು.

ನಮ್ಮ ಕಡೆಯ ಅನೇಕ ಮನೆಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ಪದ್ಧತಿ. ತಾಟಿನಲ್ಲಿ ಅಕ್ಕಿ ಹರವಿ ಮದುಮಗ ಉಂಗುರದಿಂದ ಆ ಹೆಸರನ್ನು ಬರೆಯುತ್ತಾನೆ. ಅಂದಿನಿಂದ ಮನೆಯವರಿಗೂ ನೆರೆಯವರಿಗೂ ಆಕೆ ಹೊಸ ಹೆಸರಿನವಳು. ಶಾಲೆಯ ಸರ್ಟಿಫಿಕೇಟಿನಲ್ಲಿ ಮಾತ್ರ ಹಳೆಯ ಹೆಸರು ಉಳಿದಿರುತ್ತದೆ. ಎಷ್ಟೋ ಗಂಡಂದಿರಿಗೆ ಹೆಂಡತಿಯ ಹುಟ್ಟುಹೆಸರು ಥಟ್ಟನೆ ನೆನಪಾಗುವುದಿಲ್ಲ. ವೈನಿಗೂ ಹೀಗೆಯೇ ಎರಡು ಹೆಸರು. ಮದುವೆಗೆ ಮುಂಚೆ ಅವರು ಸರ್ಕಾರಿ ನೌಕರಿಯ ಪರೀಕ್ಷೆಯೊಂದನ್ನು ಬರೆದು ಪಾಸಾಗಿದ್ದರು. ನೌಕರಿಯ ಕಾಗದ ತವರಿನಿಂದ ತಿರುಗಿ ಅತ್ತೆಮನೆಯ ವಿಳಾಸಕ್ಕೆ, ಹಳೆಯ ಹೆಸರಿಗೆ ಬಂತು. ಬಾಗಿಲಿಗೆ ಬಂದ ಅಂಚೆಯವನಿಗೆ ಅತ್ತೆ, "ಆ ಹೆಸರಿನವರು ಇಲ್ಲ್ಯಾರೂ ಇಲ್ಲಪಾ," ಎಂದು ಹೇಳಿ ಕಳಿಸಿದರು. ದ್ವೇಷದಿಂದಲ್ಲ. ಸೊಸೆಗೆ ಹಿಂದೊಂದು ಹೆಸರಿತ್ತೆಂಬುದೇ ಆ ಮುದುಕಿಗೆ ಮರೆತುಹೋಗಿತ್ತು. ವೈನಿಗೆ ಅದು ತಿಳಿದದ್ದು ಏಳೆಂಟು ತಿಂಗಳ ಮೇಲೆ. ಇದನ್ನು ಅವರು ನಗುತ್ತಲೇ ಹೇಳುತ್ತಿದ್ದರು. ಕೇಳಿದ ನನಗೆ ಪ್ರತಿ ಸಲವೂ ಸಿಟ್ಟು ಬರುತ್ತಿತ್ತು.

ನನ್ನ ಮದುವೆಯಲ್ಲಿ ಅಕ್ಕಿಯ ತಾಟು ಎದುರಿಗೆ ಬಂದಾಗ ವೈನಿ ಹಿಂದಿನಿಂದ ಬಗ್ಗಿ, "ಏನು ಬರೀತಿ?" ಎಂದರು. ನಮ್ಮವ್ವ ಆರಿಸಿಟ್ಟಿದ್ದ ಹೆಸರನ್ನು ಹೇಳಿದೆ.

"ಆಕಿದ ಹೆಸರು ಬರಿ. ಅಕ್ಕಿ ಏನು ಒಲ್ಲೆ ಅನ್ನಂಗಿಲ್ಲ."

ಅವಳದೇ ಹೆಸರನ್ನು ಬರೆದೆ. ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ನನ್ನ ಹೆಂಡತಿ ಮಾತ್ರ ಅಂದಿನಿಂದ ಪ್ರತಿ ದೀಪಾವಳಿಗೆ ವೈನಿಯ ಮನೆಗೆ ಒಂದು ಡಬ್ಬಿ ಕರಚಿಕಾಯಿ ಕಳಿಸುತ್ತ ಬಂದಳು.

ಇಷ್ಟೆಲ್ಲ ಮಂದಿಯನ್ನು ಆಕಾಶಕ್ಕೆ ಕಳಿಸಿದ ವೈನಿ ತಾವು ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಯಜಮಾನರು ರೈಲ್ವೆ ಗಾರ್ಡು. ವರ್ಷಕ್ಕೆ ಇಷ್ಟೆಂದು ಪುಕ್ಕಟೆ ಪಾಸು ಸಿಗುವ ಮನೆಯಲ್ಲಿ ವಿಮಾನದ ಮಾತೆತ್ತಿದರೆ ಉಂಡ ಮನೆಗೆ ಎರಡು ಬಗೆದ ಹಾಗೆ. ಕಾಶಿ, ರಾಮೇಶ್ವರ, ಪುರಿ ಎಲ್ಲವನ್ನೂ ಅವರು ರೈಲಿನಲ್ಲೇ ನೋಡಿದ್ದರು. ಕಾಚಿಗೂಡದ ಮಹಿಳಾ ಭಜನಾ ಮಂಡಳಿಯ ಮೂವತ್ತು ಜನ ಕಾಠ್ಮಂಡುವಿಗೆ ಹೊರಟ ವರ್ಷ, ಮಾಲೀಕರು ತಾವಾಗಿಯೇ ವೈನಿಯ ಮೇಜಿನ ಹತ್ತಿರ ಬಂದು, "ಈಸಾರಿ ಮೀರೇ ವೆಳ್ಳಂಡಿ, ವೈನಿಗಾರು," ಎಂದರು. ಈ ಸಲ ನೀವೇ ಹೋಗಿಬನ್ನಿ ಎಂದು. ಅಂಥ ಗುಂಪಿನ ಜೊತೆ ನಮ್ಮ ಆಫೀಸಿನ ಒಬ್ಬರು ಹೋಗಲೆಂದು ಏರ್‌ಲೈನ್ಸ್‌ನವರು ಒಂದು ಸೀಟು ಹೆಚ್ಚಿಗೆ ಕೊಡುತ್ತಿದ್ದರು. ಅದರ ಹೆಸರನ್ನು ಮಾತ್ರ ಕೊನೆಗಳಿಗೆಯಲ್ಲಿ ಕೊಟ್ಟರೂ ನಡೆಯುತ್ತಿತ್ತು. ಅದು ಮೂವತ್ತೊಂದನೆಯ ಸೀಟು.

ವೈನಿ ಎಲ್ಲರೆದುರು, "ಭಜನಿ ಮುದುಕ್ಯಾರನ್ನ ಕಾಯೂ ಕೆಲಸ ನಂಗ ಹಚ್ಚಿದ್ರಿ," ಎಂದು ಗೊಣಗಿದರು. ಮರುದಿನವೇ ನೀಲಿಬಣ್ಣದ ಸ್ವೆಟರೊಂದನ್ನು ಕೊಂಡುತಂದು ನನಗೊಬ್ಬನಿಗೆ ತೋರಿಸಿದರು. "ಮ್ಯಾಲೆ ಹೋದಾಗ ಕಿವಿ ಮುಚ್ಚತಾವಂತ, ಖರೇನ?" ಎಂದು ಕೇಳಿದರು. ನಾನಾದರೂ ಯಾವಾಗ ಹತ್ತಿದ್ದೆ? "ಖರೇ ಇರಬೇಕ್ರಿ," ಎಂದೆ. ಕಿಟಕಿಯ ಸೀಟು ಕೇಳಿದವರಿಗೆಲ್ಲ "ವಿಮಾನದಾಗ ನಡುವಿನ ಸೀಟೂ ಅದಾವ್ರಿ" ಎಂದು ಜಬರಿಸುತ್ತಿದ್ದವರು, ರಿಜಿಸ್ಟರಿನ ಕಾಠ್ಮಂಡು ಪುಟದಲ್ಲಿ ಮೂವತ್ತೊಂದರ ಎದುರು ಕಂಡೂ ಕಾಣದ ಹಾಗೆ 'ಕಿಟಕಿ' ಎಂದು ಬರೆದುಕೊಂಡಿದ್ದರು.

ಹೆಸರು ಕೊಡುವ ಗಡುವು ಬಂದಾಗ ವೈನಿ ಮಗಳ ನಿಶ್ಚಿತಾರ್ಥಕ್ಕೆಂದು ರಾಯಚೂರಿಗೆ ಹೋಗಿದ್ದರು. ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, "ಒಬ್ಬೊಬ್ರಿಗೂ ನೀನ ಫೋನ್ ಮಾಡು. ಯಾರನ್ನೂ ಬಿಡಬ್ಯಾಡ," ಎಂದು ಎರಡೆರಡು ಸಲ ಹೇಳಿ ಹೋಗಿದ್ದರು. ನಾನು ಇಪ್ಪತ್ತೆರಡು ಜನರಿಗೆ ಮಾಡಿದೆ. ಉಳಿದ ಎಂಟು ಜನರಲ್ಲಿ ಕೆಲವರ ಮನೆಯಲ್ಲಿ ಫೋನಿರಲಿಲ್ಲ, ಕೆಲವರದು ಹತ್ತಲಿಲ್ಲ. ಸಂಜೆ ಐದಕ್ಕೆ ಗಡುವು. ನಾಲ್ಕೂವರೆಗೆ ಮಂಡಳಿಯ ಅಧ್ಯಕ್ಷೆಗೆ ಮಾಡಿದೆ. "ನಾ ಬರದುಕೊಟ್ಟೀನೆಲ್ಲ, ಮತ್ತೇನು ಕೇಳತಿ? ಎಲ್ಲಾ ಬರೋಬರಿ ಅದಾವ," ಎಂದರು ಆಕೆ. ಎಂಟು ಹೆಸರುಗಳ ಎದುರೂ ಗುರುತು ಹಾಕಿ ಕಳಿಸಿಬಿಟ್ಟೆ. ಟಿಕೆಟ್ಟುಗಳು ಬಂದವು. ಎಲ್ಲ ಸುಸೂತ್ರವಾಯಿತೆಂದು ಹಿಗ್ಗಿದೆ.

ವೈನಿ ಬಂದವರೇ ಚಪ್ಪಲಿ ಕೂಡ ಬಿಡದೆ ಪಟ್ಟಿ ತೆಗೆಸಿದರು. ಹೊರಡಲು ಮೂರು ದಿನ ಉಳಿದಿತ್ತು. ಒಂದು ನಿಮಿಷ ನೋಡಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಈ ಎಂಟೂ ಗುರುತು ಒಂದ ಉಸಿರಿನ್ಯಾಗ ಹಾಕೀದಿ."

ನಿಜ. ಮೊದಲ ಇಪ್ಪತ್ತೆರಡು ಗುರುತುಗಳು ಒಂದೊಂದು ಥರ ಇದ್ದವು. ಕೊನೆಯ ಎಂಟು ಒಂದೇ ಓರೆ, ಒಂದೇ ಒತ್ತು. ನಾನು ಬಾಯಿ ತೆರೆಯುವುದರೊಳಗೆ ಅವರು ಫೋನ್ ಎತ್ತಿದ್ದರು. ಏಳು ಹೆಸರು ಸರಿ ಇದ್ದವು. ಎಂಟನೆಯವರನ್ನು ಪಕ್ಕದ ಮನೆಯ ಫೋನಿಗೆ ಕರೆಸಬೇಕಾಯಿತು. ಅವರು ಕನ್ನಡ ಶಾಲೆಯಿಂದ ನಿವೃತ್ತರಾದ ಅಕ್ಕೋರು, ಎಂದರೆ ಮಾಸ್ತರಿಕೆ ಮಾಡಿದವರು. ಮಂಡಳಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಅವರ ಅತ್ತೆಮನೆಯ ಹೆಸರು, ಪಟ್ಟಿಯಲ್ಲಿದ್ದದ್ದೂ ಅದೇ. ಗುರುತಿಗೆಂದು ಅವರ ಬಳಿ ಇದ್ದದ್ದು ಪಾಸ್‌ಪೋರ್ಟ್ ಒಂದೇ. ಅದನ್ನು ಶಾಲೆಯ ದಾಖಲೆ ನೋಡಿ ಮಾಡಿಸಿದ್ದರಿಂದ ಅದರಲ್ಲಿ ತವರುಮನೆಯ ಹೆಸರಿತ್ತು. ಪಟ್ಟಿಯ ಹೆಂಗಸು ಬೇರೆ, ಪಾಸ್‌ಪೋರ್ಟಿನ ಹೆಂಗಸು ಬೇರೆ. ಅವರನ್ನು ವಿಮಾನ ಹತ್ತಿಸುವುದಿಲ್ಲ.

ವೈನಿ ನನ್ನನ್ನು ಕರೆದುಕೊಂಡು ಏರ್‌ಲೈನ್ಸ್ ಆಫೀಸಿಗೆ ಹೋದರು. ಅಲ್ಲಿನ ಅಧಿಕಾರಿ ಉತ್ತರದ ಕಡೆಯವರು, ಸಭ್ಯ ಮನುಷ್ಯ. ವೈನಿ ಅವರಿಗೆ ಅಕ್ಕಿಯ ತಾಟಿನಿಂದ ಹಿಡಿದು ಎಲ್ಲವನ್ನೂ ಹಿಂದಿಯಲ್ಲಿ ವಿವರಿಸಿದರು. ಇಬ್ಬರಲ್ಲ, ಒಬ್ಬಳೇ ಎಂದರು. ತಮ್ಮದೇ ಸರ್ಟಿಫಿಕೇಟು, ರೇಷನ್ ಕಾರ್ಡು ಎರಡನ್ನೂ ತೆಗೆದು ಮೇಜಿನ ಮೇಲಿಟ್ಟು, ನೋಡಿ, ನಾನೂ ಹೀಗೆಯೇ ಎಂದರು. ಅಧಿಕಾರಿ ಪೂರ್ತಿ ಕೇಳಿಸಿಕೊಂಡರು. ತಮ್ಮ ತಾಯಿಯ ಹೆಸರನ್ನೂ ಮದುವೆಯಲ್ಲಿ ಬದಲಿಸಿದ್ದರೆಂದರು. "ನಾನು ನಂಬುತ್ತೇನೆ ಮೇಡಂ. ಆದರೆ ವಿಮಾನ ಬದಲಿಸುವ ದೆಹಲಿಯ ಕೌಂಟರಿನಲ್ಲಿ ನಾನು ಇರುವುದಿಲ್ಲ," ಎಂದರು. ಆ ಸೀಟನ್ನು ರದ್ದು ಮಾಡಿದರೆ ಅದು ಕಾದಿರುವವರ ಪಟ್ಟಿಗೆ ಹೋಗುತ್ತಿತ್ತು. ರಜೆಯ ದಿನಗಳು, ಆ ವಾರವಿಡೀ ಒಂದು ಸೀಟೂ ಖಾಲಿ ಇರಲಿಲ್ಲ.

ಮಾಲೀಕರಿಗೆ ಹೇಳಿದೆವು. "ಒಕ್ಕರೇ ಕದಂಡಿ," ಎಂದರು ಅವರು. ಒಬ್ಬರೇ ತಾನೇ, ಮುಂದಿನ ವರ್ಷ ಕಳಿಸೋಣ ಎಂದು. ವೈನಿ ಅವರಿಗೇನೂ ಅನ್ನದೆ ಹೊರಗೆ ಬಂದು ನನ್ನ ಮೇಲೆ ಹರಿಹಾಯ್ದರು. "ಒಬ್ರೇ ಅಂತ! ಒಬ್ರು, ಒಬ್ರು, ಒಬ್ರು ಬಂದ್ರನ ಗುಂಪು ಆಗೂದು. ನಡಿ ಕಾಚಿಗೂಡಕ್ಕ. ಮಾಡಿದ ತಪ್ಪನ್ನ ಫೋನಿನ್ಯಾಗ ಹೇಳಬಾರದು."

ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಅಕ್ಕೋರ ಮನೆ, ಮಹಡಿಯ ಮೇಲೆ ಎರಡು ಕೋಣೆ. ಅವರು ಸೀರೆಯ ಮೇಲೆ ಬಿಳಿ ಕ್ಯಾನ್‌ವಾಸ್ ಬೂಟು ಹಾಕಿಕೊಂಡು ಬಾಗಿಲು ತೆರೆದರು. ಅಲ್ಲಿ ಬಹಳ ನಡೆಯಬೇಕಾಗುತ್ತದಂತೆ, ಅದಕ್ಕೆ ವಾರದಿಂದ ಮನೆಯೊಳಗೇ ರೂಢಿ ಮಾಡಿಕೊಳ್ಳುತ್ತಿದ್ದರಂತೆ. ಅಡುಗೆಮನೆಯಲ್ಲಿ ಮೂವತ್ತು ಜನರಿಗಾಗುವಷ್ಟು ಶೇಂಗಾ ಹಿಂಡಿ, ಎಂದರೆ ಚಟ್ನಿಪುಡಿ, ಕುಟ್ಟಿಟ್ಟಿತ್ತು. ಅತ್ತೆ ಹಾಸಿಗೆ ಹಿಡಿದು ಹನ್ನೊಂದು ವರ್ಷ ಮಲಗಿದ್ದರಿಂದ ಮಂಡಳಿಯ ಒಂದು ಯಾತ್ರೆಗೂ ಅವರು ಹೋಗಿರಲಿಲ್ಲ. ಪ್ರತಿ ವರ್ಷ ಎಲ್ಲರಿಗೂ ಹಿಂಡಿ, ರೊಟ್ಟಿ ಕಟ್ಟಿಕೊಟ್ಟು, ಸ್ಟೇಷನ್ನಿಗೆ ಬಂದು ಕೈ ಬೀಸಿ ವಾಪಸು ಹೋಗುತ್ತಿದ್ದರು. ಹಿಂದಿನ ಚಳಿಗಾಲದಲ್ಲಿ ಅತ್ತೆ ತೀರಿಕೊಂಡಿದ್ದರು. ಇದು ಅವರ ಮೊದಲ ಯಾತ್ರೆ. ಇದೆಲ್ಲ ಅಲ್ಲಿಯೇ ನನಗೆ ತಿಳಿದದ್ದು.

"ಹೇಳು," ಎಂದರು ವೈನಿ ನನಗೆ.

ಹೇಳಿದೆ. ಫೋನ್ ಮಾಡದೆ ಗುರುತು ಹಾಕಿದ್ದನ್ನು, ತಪ್ಪು ನನ್ನದೆಂಬುದನ್ನು, ಸೀಟಿಲ್ಲವೆಂಬುದನ್ನು ಹೇಳಿದೆ. ಅಕ್ಕೋರು ಕೇಳಿ ಮುಗಿಸಿ ಖುರ್ಚಿಯ ಮೇಲೆ ಕೂತರು. ಬೂಟು ಬಿಚ್ಚಿದರು. ಅವುಗಳಿಗೆ ಒಂದು ಕಣ ಮಣ್ಣೂ ಹತ್ತಿರಲಿಲ್ಲ, ಆದರೂ ಸೆರಗಿನಿಂದ ಒರೆಸಿ ಡಬ್ಬಿಯಲ್ಲಿಟ್ಟರು.

"ಇರಲಿ ಬಿಡಪಾ. ಮನಸಿಗೆ ಹಚ್ಚಿಕೋಬ್ಯಾಡ," ಎಂದರು. "ಕಳಿಸಿಕೊಡೂದು ನಂಗ ರೂಢಿ ಐತಿ."

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗೋಡೆಯ ಕಡೆ ತಿರುಗಿ ನಿಂತೆ.

"ಬೂಟು ಹಾಕ್ಕೋರಿ," ಎಂದರು ವೈನಿ.

"ಯಾಕ್ರಿ ಈಗ?"

"ನಿಮಗ ಸೀಟು ಐತಿ. ಆದ್ರ ಆರಾಮ ಕೂತು ಹೋಗೂ ಸೀಟಲ್ಲ, ಕೆಲಸದ್ದು. ಎಲ್ಲಾರನ್ನೂ ಎಣಿಸಿ ಕರಕೊಂಡು ಹೋಗಬೇಕು, ಎಣಿಸಿ ಕರಕೊಂಡು ಬರಬೇಕು. ಆಗತೈತೇನು?"

ಅಕ್ಕೋರ ಬೆನ್ನು ನೆಟ್ಟಗಾಯಿತು. "ಮೂವತ್ತು ವರ್ಷ ಹುಡುಗರನ್ನ ಎಣಿಸೀನ್ರಿ. ಗೋಲ್ಕೊಂಡಕ್ಕ ಕರಕೊಂಡು ಹೋದ ಒಂದು ಹುಡುಗನ್ನೂ ಕಿಲ್ಲೇದಾಗ ಬಿಟ್ಟು ಬಂದಿಲ್ಲ."

"ಇವ್ರು ಹುಡುಗರಲ್ರಿ, ಮುದುಕ್ಯಾರು. ಹುಡುಗರಾದ್ರ ಹೇಳಿದ್ದು ಕೇಳತಾವ."

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ಹೆಸರು ಬರೆಯದೆ ಉಳಿದಿದ್ದ ಸೀಟು ಯಾವುದೆಂದು ನನಗೆ ಗೊತ್ತಿತ್ತು. ಮೆಟ್ಟಿಲಿಳಿಯುವಾಗ, "ವೈನಿ, ಅದು ನಿಮ್ಮ..." ಎಂದು ಶುರುಮಾಡಿದೆ.

"ನಡಿ ನಡಿ, ಬಸ್ಸು ಹೋಗತೈತಿ," ಎಂದು ಅವರು ಮುಂದೆ ಇಳಿದುಬಿಟ್ಟರು.

ಹೊರಡುವ ದಿನ ಬೆಳಿಗ್ಗೆ ವಿಮಾನ ನಿಲ್ದಾಣದ ಹೊರಗೆ ಅಕ್ಕೋರು ಪಟ್ಟಿ ಹಿಡಿದು ಹಾಜರಿ ಕೂಗಿದರು. ಮಂಡಳಿಯ ಅಧ್ಯಕ್ಷೆ ಉತ್ತರ ಕೊಡದೆ ಬಿಗುವಾಗಿ ನಿಂತಾಗ, "ಕೂಗಿದವರು ಹಾಜರ್ ಅನಬೇಕ್ರಿ," ಎಂದರು. ಅಧ್ಯಕ್ಷೆ "ಹಾಜರ್" ಎಂದರು. ವೈನಿಗೆ ಸಂತೋಷವೋ ಸಂತೋಷ. ಕೊನೆಯ ಮುದುಕಿ ಒಳಗೆ ಹೋಗುವವರೆಗೂ ನಿಂತಿದ್ದು, ಆಮೇಲೆ ನನ್ನ ಜೊತೆ ನಡೆದೇ ಆಫೀಸಿಗೆ ಬಂದರು. ಆ ನೀಲಿ ಸ್ವೆಟರನ್ನು ಮುಂದೆ ಎಷ್ಟೋ ವರ್ಷ ನಮ್ಮ ಆಫೀಸಿನ ಏಸಿಯಲ್ಲಿ ಹಾಕಿಕೊಂಡು ಕೂರುತ್ತಿದ್ದರು.

ಮೂರನೆಯ ದಿನ ಮಧ್ಯಾಹ್ನ, ಊಟದ ಡಬ್ಬಿ ತೆರೆಯುವ ಹೊತ್ತಿಗೆ, ಕಾಠ್ಮಂಡುವಿನಿಂದ ಫೋನ್ ಬಂತು. ಗುಂಪಿನವರ ಫೋನ್ ಬಂದರೆ ನಾನು ಎರಡನೆಯ ಫೋನಿನಲ್ಲಿ ಕೇಳಿಸಿಕೊಂಡು ಬರೆದುಕೊಳ್ಳಬೇಕೆಂಬುದು ವೈನಿಯ ನಿಯಮ. ಎತ್ತಿಕೊಂಡೆ.

"ಅಕ್ಕೋರು ಮಾತಾಡೂದ್ರಿ. ಈಗ ಪಶುಪತಿನಾಥನ ಗುಡಿಯಿಂದ ಹೊರಗ ಬಂದ್ವಿ. ಎಣಿಸಿದೆ. ಒಬ್ರು ಕಡಿಮಿ ಅದಾರ್ರಿ."

ವೈನಿ ಎದ್ದುನಿಂತರು. "ಯಾರು? ಯಾರ್ರೀ? ಎಲ್ಲಿ ಬಿಟ್ರಿ? ಹೆಸರು ಹೇಳ್ರಿ ಮೊದಲ!"

"ನೀವ್ರಿ," ಎಂದರು ಅಕ್ಕೋರು. "ಅಧ್ಯಕ್ಷರು ಈಗ ಹೇಳಿದ್ರು, ಇದು ನಿಮ್ಮ ಸೀಟಂತ. ನನಗ ಗೊತ್ತಿದ್ದಿಲ್ಲರಿ."

ವೈನಿ ಮೆಲ್ಲಗೆ ಕೂತರು. "ಹಿಂಗ ಎದಿ ಒಡಿಯೂ ಹಂಗ ಮಾತಾಡಬಾರದ್ರಿ," ಎಂದರು. ಆಮೇಲೆ, "ಛಳಿ ಭಾಳ ಐತೇನು? ಗುಡಿ ಹೆಂಗೈತಿ? ಸಾವಕಾಶ ಹೇಳ್ರಿ," ಎಂದರು. ಅಕ್ಕೋರು ಹೇಳುತ್ತ ಹೋದರು. ವೈನಿ ಕಣ್ಣು ಮುಚ್ಚಿಕೊಂಡು ಕೇಳಿದರು. ಫೋನಿಟ್ಟ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, "ಏನು ನೋಡಾಕತ್ತೀ? ರೊಟ್ಟಿ ತಣ್ಣಗಾಗತಾವ, ತಿನ್ನು," ಎಂದರು.

ಮರುವರ್ಷ ನಿಮ್ಮನ್ನು ಕಳಿಸುತ್ತೇನೆಂದು ಮಾಲೀಕರು ವೈನಿಗೆ ಹೇಳಿದ್ದೇನೋ ನಿಜ. ಆ ವರ್ಷ ಮಗಳ ಮದುವೆ ಬಂತು. ಆಮೇಲೆ ಯಜಮಾನರಿಗೆ ಪಾರ್ಶ್ವವಾಯು ಬಡಿಯಿತು. ಮುಂದೆ ವೈನಿಯ ಮಂಡಿಗಳೇ ಸೋತವು. ವೈನಿ ವಿಮಾನ ಹತ್ತದೆಯೇ ಹೋದರು. ಆ ಕಾಠ್ಮಂಡುವಿನ ನಂತರ ಅವರ ಕೈಕೆಳಗೆ ಹದಿನಾಲ್ಕು ವರ್ಷ ಕೆಲಸ ಮಾಡಿದೆ. ಅಕ್ಷರ ಸೊಟ್ಟಗಿದ್ದರೆ ಬೈದರು, ತಡವಾಗಿ ಬಂದರೆ ಬೈದರು, ಸಿಗರೇಟಿಗೆ ಬೈದರು. ಆ ಎಂಟು ಗುರುತಿನ ಮಾತನ್ನು ಮಾತ್ರ ಒಮ್ಮೆಯೂ ಎತ್ತಲಿಲ್ಲ. ಅಕ್ಕೋರ ಎದುರು ನಾನು ತಪ್ಪು ಒಪ್ಪಿಕೊಂಡೆ, ವೈನಿಯೇ ಮುಂದೆ ನಿಂತು ಒಪ್ಪಿಸಿದರು. ವೈನಿಯ ಎದುರು ಒಪ್ಪಿಕೊಳ್ಳಲು ನನಗೆ ಯಾರೂ ಹೇಳಲಿಲ್ಲ, ನಾನೂ ಒಪ್ಪಿಕೊಳ್ಳಲಿಲ್ಲ. ಹದಿನಾಲ್ಕು ವರ್ಷ ಎದುರುಬದುರು ಕೂತು ರೊಟ್ಟಿ ತಿಂದೆವು, ಒಂದು ಮಾತಿಗೆ ನನಗೆ ನಾಲಿಗೆ ಏಳಲಿಲ್ಲ. ವೈನಿ, ತಪ್ಪಾತ್ರಿ.